ನಲವತ್ತು, ಅಥವಾ ಎರಡು ಪಾಯಿಂಟ್ ಎರಡು

ಸೇಂಟ್ ಕ್ರಾಯ್ ನದಿಗೆ ಇಲ್ಲಿ ಅಗಲವೇ ಇಲ್ಲ.
ಗಾಳಿ ಈ ಕಡೆ ಬೀಸಿದರೆ
ಆಚೆ ದಡದಲ್ಲಿ ವೆಂಡೆಲ್ ಕೆಮ್ಮಿದ್ದು
ಈಚೆ ನನ್ನ ಅಡುಗೆಮನೆಗೆ ಕೇಳಿಸೀತು.
ಆದರೂ ಅದು ಬೇರೆ ದೇಶ.
ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ.
ನಾಲ್ಕಕ್ಕೆ ಹೊರಟವಳು ಮೂರೂ ಹತ್ತಕ್ಕೆ
ಗಂಡನ ಬಾಗಿಲು ತಟ್ಟುತ್ತೇನೆ.
ಪುಕ್ಕಟೆ ಸಿಕ್ಕ ಆ ಗಂಟೆಯನ್ನು
ವಾಪಸು ಬರುವಾಗ ಸೇತುವೆಯ ಮೇಲೆ
ತೆತ್ತು ಬರುತ್ತೇನೆ.

ಮದುವೆಯಾಗಿ ಹದಿನಾಲ್ಕು ತಿಂಗಳು.
ನಮ್ಮ ಅರ್ಜಿ ಎಲ್ಲೋ ಒಂದು ಕಪಾಟಿನಲ್ಲಿ
ಮಗ್ಗುಲು ಬದಲಿಸದೆ ಮಲಗಿದೆ.
ಒದೀಲ್, ಬಂದು ಇದ್ದುಬಿಡು, ಅನ್ನುತ್ತಾನೆ
ಪಲ್ಪ್ ಮಿಲ್ಲಿನ ರಾತ್ರಿ ಪಾಳಿ ಮುಗಿಸಿ
ಗಂಧಕ ನಾರುವ ಅಂಗಿಯಲ್ಲೇ ಫೋನು ಹಿಡಿದು.

ನನ್ನ ಪರ್ಸಿನಲ್ಲಿ ಪ್ರಾಂತ್ಯ ಕೊಟ್ಟ ಕಾರ್ಡು.
ಇದರ ಅಜ್ಜಿಯೋ ಮುತ್ತಜ್ಜಿಯೋ ಆದ ಇನ್ನೊಂದನ್ನು
ಹನ್ನೊಂದನೇ ವಯಸ್ಸಿನಲ್ಲಿ, ಒಂದೇ ಸಮ ನೀರು ಕುಡಿದು
ನಾನು ಕುಸಿದು ಬಿದ್ದ ದಿನ,
ಅಮ್ಮ ಆಸ್ಪತ್ರೆಯ ಕೌಂಟರಿನ ಮೇಲಿಟ್ಟಿದ್ದಳು.
ಅವಳ ಕೈಯಿಂದ ಏಡಿಯ ವಾಸನೆ.
ಒಂಬತ್ತು ದಿನ ಮಲಗಿದ್ದೆ.
ಎಷ್ಟಾಯಿತು ಎಂದು ಅವಳು ಕೇಳಲಿಲ್ಲ,
ಅವರೂ ಹೇಳಲಿಲ್ಲ.

ಇಷ್ಟು ದಿನ ಇಲ್ಲಿದ್ದರೆ ಕಾರ್ಡು ನನ್ನದು.
ಫ್ರಿಜ್ಜಿನ ಮೇಲೆ ಕ್ಯಾಲೆಂಡರು:
ಈಚೆ ಮಲಗಿದ ರಾತ್ರಿಗೆ ಗೆರೆ,
ಆಚೆ ಮಲಗಿದ್ದಕ್ಕೆ ಸೊನ್ನೆ.
ಒಮ್ಮೆ ಅತ್ತೆ ಬಂದು ನೋಡಿದರು.
ಬೇರೇನೋ ಅರ್ಥ ಮಾಡಿಕೊಂಡು ಕೆನ್ನೆ ತಟ್ಟಿ,
ದೇವರು ಕೊಡ್ತಾನೆ ಬಿಡು, ಅಂದರು.

ಅವನ ಕಂಪನಿಯ ವಿಮೆಯ ಪುಸ್ತಕವನ್ನು
ಭಾನುವಾರ ಇಬ್ಬರೂ ಕೂತು ಪಾರಾಯಣ ಮಾಡಿದೆವು.
ಮೊದಲಿಷ್ಟು ನಾವು ಕೊಡಬೇಕು,
ಆಮೇಲೆ ಅವರು ಸ್ವಲ್ಪ,
ಮತ್ತೆ ನಾವು.
ಹನ್ನೆರಡನೇ ಪುಟಕ್ಕೆ ಅವನಿಗೆ ಗೊರಕೆ.
ನಾನು ಕೊನೆಯವರೆಗೂ ಓದಿದೆ.
ಓದದೆ ಇದ್ದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಫೆಬ್ರವರಿ. ಅವನ ಮನೆ. ಮೈಯೆಲ್ಲ ತಣ್ಣನೆ ಬೆವರು.
ಅವನ ಮೀಟರಿನಲ್ಲಿ ನಲವತ್ತು,
ನನ್ನದರಲ್ಲಿ ಎರಡು ಪಾಯಿಂಟ್ ಎರಡು.
ಒಂದೇ ಬೆರಳು, ಒಂದೇ ಹನಿ;
ದೇಶಕ್ಕೊಂದು ಲೆಕ್ಕ.
ಜ್ಯೂಸು ಕುಡಿಸಿದ, ಕಕ್ಕಿದೆ.
ಜೇನು ನೆಕ್ಕಿಸಿದ, ಕಕ್ಕಿದೆ.
ಆಂಬುಲೆನ್ಸಿಗೆ ಫೋನು ಎತ್ತಿದವನ ಮಣಿಕಟ್ಟು ಹಿಡಿದು
ಸೇತುವೆ, ಅಂದೆನಂತೆ.
ನನಗೆ ನೆನಪಿಲ್ಲ.
ಪ್ರಜ್ಞೆ ತಪ್ಪುವವಳಿಗೂ ಬಿಲ್ಲಿನ ಪ್ರಜ್ಞೆ ಇತ್ತು
ಎಂದು ಅವನು ಈಗ ನಗುತ್ತಾನೆ, ಅರ್ಧ.

ಸುಂಕದವನ ಮುಂದೆ ಸುಖದುಃಖ ಹೇಳಬಾರದು ಅನ್ನುತ್ತಾರೆ.
ಪೈಜಾಮದ ಮೇಲೆ ಓವರ್‌ಕೋಟು ತೊಟ್ಟ ವೆಂಡೆಲ್
ಕಿಟಕಿ ಇಳಿಸಿ ಎಲ್ಲವನ್ನೂ ಹೇಳಿದ.
ಆತ ಟಾರ್ಚು ಬಿಟ್ಟು ನನ್ನ ಮುಖ ನೋಡಿದ,
ಕೇಳಲೇಬೇಕಲ್ಲ, ಕೇಳಿದ:
ಒಳಗೆ ಏನು ತರುತ್ತಿದ್ದೀರಿ?
ಹೆಂಡತಿ, ಅಂದ ವೆಂಡೆಲ್.
ನಿಮ್ಮದೇ, ಅಂದ.
ಗೇಟು ಎದ್ದಿತು.

ಗ್ಲೂಕೋಸು ಏರಿದ ಮೇಲೆ ನರ್ಸು ಕಾರ್ಡು ತಿರುಗಿಸಿ ನೋಡಿ
ಈಗಲೂ ಇದೇ ವಿಳಾಸವೇ, ಎಂದಳು.
ಗೋಡೆಗೊರಗಿ ನಿಂತಿದ್ದ ಅವನ ಬೂಟಿನಿಂದ
ಹಿಮ ಕರಗಿ ನೆಲದ ಮೇಲೆ ಹರಿಯುತ್ತಿತ್ತು.
ಈಗಲೂ, ಅಂದೆ.
ಸುಳ್ಳಲ್ಲ. ಗೆರೆಗಳೇ ಜಾಸ್ತಿ ಇದ್ದವು.

ಆ ರಾತ್ರಿಯ ಮನೆ ಮಾತ್ರ ಕ್ಯಾಲೆಂಡರಿನಲ್ಲಿ ಖಾಲಿ.
ಎರಡು ಗಂಟೆಗೆ ಅಲ್ಲಿದ್ದೆ,
ಮೂರೂವರೆಗೆ ಇಲ್ಲಿ;
ನಡುವಿನ ಗಂಟೆ ಯಾರ ಖಾತೆಗೆ?

ಮಾರ್ಚಿಯಲ್ಲಿ ಕಾಗದ ಬಂತು.
ಮಾಂಟ್ರಿಯಲ್ಲಿನಲ್ಲಿ ಸಂದರ್ಶನ.
ಅದಕ್ಕೆ ಮೊದಲು ವೈದ್ಯಕೀಯ ತಪಾಸಣೆ:
ದುಡ್ಡು ನಮ್ಮದೇ, ಕಾರ್ಡು ನಡೆಯುವುದಿಲ್ಲ.
ವೆಂಡೆಲ್‌ಗೆ ಫೋನು ಮಾಡಿ ಓದಿ ಹೇಳಿದೆ.
ಆಚೆ ಬಹಳ ಹೊತ್ತು ಸದ್ದಿಲ್ಲ.
ಆಮೇಲೆ ಕೆಮ್ಮಿದ.
ಕಿಟಕಿಯಲ್ಲಿ ಕೇಳಿತೋ ಫೋನಿನಲ್ಲೋ
ಗೊತ್ತಾಗಲಿಲ್ಲ.